ಷಡ್ಡಕನ ಹೊಳೆ

ನನ್ನ ಹೆಂಡತಿಯ ತಂಗಿಗೆ ಗಂಡು ಗೊತ್ತಾದಾಗ ಮನೆಯಲ್ಲಿ ಎಲ್ಲರಿಗಿಂತ ಹೆಚ್ಚು ಓಡಾಡಿದವನು ನಾನೇ. ಹಂದರದ ಗಳ ತಂದವನು ನಾನು, ಪೋತ್ನಾಳದಿಂದ ಅಕ್ಕಿ ಹೇರಿಸಿಕೊಂಡು ಬಂದವನು ನಾನು, ಬೀಗರ ಎತ್ತುಗಳಿಗೆ ನೀರು ಕುಡಿಸಿದವನೂ ನಾನೇ. ಮದುವೆಯಾದರೆ ನನಗೊಬ್ಬ ಷಡ್ಡಕ ಬರುತ್ತಾನೆ, ಹಬ್ಬಕ್ಕೆ ಬಂದು ಹೋಳಿಗೆ ಉಂಡು ತನ್ನೂರಿಗೆ ಹೋಗುತ್ತಾನೆ ಎಂದುಕೊಂಡಿದ್ದೆ. ಅವನು ಬಂದ. ಹೋಗಲಿಲ್ಲ.

ಮನೆ ನಮ್ಮ ಮಾವನದು, ದೇವದುರ್ಗ ತಾಲೂಕಿನ ಗಬ್ಬೂರಿನಲ್ಲಿ. ಮಾವನಿಗೆ ಇಬ್ಬರೇ ಹೆಣ್ಣುಮಕ್ಕಳು. ಹಿರಿಯಳನ್ನು ನನಗೆ ಕೊಟ್ಟು, ಗಂಡುಮಕ್ಕಳಿಲ್ಲದ ಮನೆಗೆ ನನ್ನನ್ನು ಮನೆಯಳಿಯನಾಗಿ ಕರೆತಂದಿದ್ದರು. ನಾನು ಮಾನ್ವಿ ಸೀಮೆಯ ಮಲ್ಲಟದವನು. ಅಲ್ಲಿ ಶಾಲೆಗೆ ಹೋದದ್ದು ಸ್ವಲ್ಪವೇ ಕಾಲ. ನಿಜಾಮರ ರಾಜ್ಯ, ಮಾಸ್ತರರು ಉರ್ದುವಿನಲ್ಲಿ ಪಾಠ ಹೇಳುತ್ತಿದ್ದರು, ನಮಗೆ ಅವರ ಹೊಡೆತ ಮಾತ್ರ ಅರ್ಥವಾಗುತ್ತಿತ್ತು. ಅಪ್ಪ ತೀರಿಕೊಂಡ ಮೇಲೆ ಪಾಟಿ ಬಿಟ್ಟು ಗುದ್ದಲಿ ಹಿಡಿದೆ. ಕನ್ನಡ ಅಕ್ಷರ ಆಮೇಲೆ ನಾನೇ ಕಲಿತುಕೊಂಡದ್ದು. ಹಿಡಿದ ಕೆಲಸವನ್ನು ಅರ್ಧಕ್ಕೆ ಬಿಡುವವನಲ್ಲ ಎಂದು ಗಬ್ಬೂರಿನ ಜನ ನನ್ನ ಬಗ್ಗೆ ಹೇಳುತ್ತಿದ್ದರು. ಅವರು ಹೇಳದ ದಿನ ನಾನೇ ಹೇಳಿಕೊಳ್ಳುತ್ತಿದ್ದೆ.

ನಮ್ಮದು ಸುಣ್ಣ ಸುಡುವ ಕಸುಬು. ಗೋಡೆಗೆ ಬಳಿಯುವ ಕಲ್ಲುಸುಣ್ಣ ಅಲ್ಲ, ಎಲೆ ಅಡಿಕೆಯ ಜೊತೆ ತಿನ್ನುವ ಸುಣ್ಣ. ಕೃಷ್ಣೆಯ ಮರಳಿನಲ್ಲಿ ಸಿಗುವ ಕಪ್ಪೆಚಿಪ್ಪನ್ನು ತಂದು, ಕುಳ್ಳು, ಇದ್ದಿಲು, ಹತ್ತಿಕಟ್ಟಿಗೆಗಳ ನಡುವೆ ಪದರ ಪದರವಾಗಿ ಪೇರಿಸಿ ಭಟ್ಟಿಯಲ್ಲಿ ಸುಡುತ್ತಿದ್ದೆವು. ಸುಟ್ಟ ಚಿಪ್ಪಿನ ಮೇಲೆ ನೀರು ಚಿಮುಕಿಸಿದರೆ ಅದು ಬುಸುಗುಟ್ಟಿ, ಕುದಿದು, ಮಲ್ಲಿಗೆಯ ಹಾಗೆ ಅರಳಿ ಹಿಟ್ಟಾಗುತ್ತಿತ್ತು. ಬೇಸಿಗೆಯಲ್ಲಿ ಹೊಳೆ ಇಳಿದ ಮೇಲೆ ದಂಡೆಯಲ್ಲೇ ಭಟ್ಟಿ ಕಟ್ಟಿ, ಪಕ್ಕದಲ್ಲಿ ಗುಡಿಸಲು ಹಾಕಿಕೊಂಡು, ಮಳೆ ಬರುವವರೆಗೆ ಮನೆಮಂದಿಯೆಲ್ಲ ಅಲ್ಲೇ ಇರುತ್ತಿದ್ದೆವು. ರಾಯಚೂರಿನ ಪೇಟೆಯಲ್ಲಿ ನಮ್ಮ ಸುಣ್ಣ ಬಿಟ್ಟರೆ ಬೇರೆ ಸುಣ್ಣ ಮುಟ್ಟದ ಪಾನ್ ಅಂಗಡಿಗಳಿದ್ದವು. ಆ ಹೆಸರು ಬಂದದ್ದು ನಾನು ಭಟ್ಟಿಗೆ ನಿಂತ ಮೇಲೆ. ಯಾವಾಗ ಗಾಳಿ ಬಿಡಬೇಕು, ಯಾವಾಗ ಬಾಯಿ ಮುಚ್ಚಬೇಕು ಎಂಬುದು ನನ್ನ ಮೂಗಿಗೆ ಗೊತ್ತಾಗುತ್ತಿತ್ತು.

ಗೊತ್ತಿಲ್ಲದ್ದು ಒಂದೇ: ನೀರು. ಮಲ್ಲಟದಲ್ಲಿ ನಾನು ಸಣ್ಣವನಿದ್ದಾಗ ಬಾವಿಗೆ ಬಿದ್ದ ಕೊಡ ತೆಗೆಯಲು ನನ್ನ ಸೊಂಟಕ್ಕೆ ಹಗ್ಗ ಕಟ್ಟಿ ಇಳಿಬಿಟ್ಟಿದ್ದರು. ಕತ್ತಲ ನೀರಿನಲ್ಲಿ ಏನೋ ಒಂದು, ಮೆತ್ತಗೆ, ತಣ್ಣಗೆ, ನನ್ನ ತೊಡೆಯನ್ನು ಸವರಿಕೊಂಡು ಹೋಯಿತು. ಮೀನೋ, ಹಾವೋ ಇವತ್ತಿಗೂ ಗೊತ್ತಿಲ್ಲ. ಅವತ್ತಿನಿಂದ ನೀರಿನ ಅಡಿಯಲ್ಲಿರುವ ಎಲ್ಲವೂ ನನಗಾಗಿ ಕಾಯುತ್ತಿವೆ ಎಂಬ ಭಯ ಹೊಕ್ಕಿತು. ಹೊಳೆದಂಡೆಯಲ್ಲಿ ಬದುಕುತ್ತಾ ಮೊಳಕಾಲ ಮೇಲೆ ನೀರಿಗೆ ಇಳಿಯದವನು ಈ ಸೀಮೆಗೆಲ್ಲ ನಾನೊಬ್ಬನೇ ಇದ್ದಿರಬೇಕು. ಚಿಪ್ಪನ್ನು ಬೆಸ್ತರಿಂದ ಕೊಳ್ಳುತ್ತಿದ್ದೆವು, ಉಳಿದದ್ದನ್ನು ಮಾವ ಇಳಿದು ತರುತ್ತಿದ್ದರು. ನನ್ನ ಭಯ ನನ್ನ ಹೆಂಡತಿಗೆ ಗೊತ್ತಿತ್ತು, ಮಾವನಿಗೂ ಗೊತ್ತಿತ್ತು. ಅದು ಯಾರಿಗೂ ತೊಂದರೆ ಆಗಿರಲಿಲ್ಲ.

ಷಡ್ಡಕ ಹೊಳೆಯ ಆಚೆ ದಂಡೆಯ ಹಳ್ಳಿಯವನು. ನಡೆಯುವುದಕ್ಕಿಂತ ಮೊದಲು ಈಸುವುದನ್ನು ಕಲಿತವರ ಪೈಕಿ. ಮದುವೆಯಾದ ಮೇಲೆ ಹೆಂಡತಿಯನ್ನು ಕರೆದುಕೊಂಡು ಹೋಗಲು ಬಂದವನು, ಚಿಪ್ಪಿನ ಕೆಲಸಕ್ಕೆ ಒಂದು ಕೈ ಕೊಡುತ್ತೇನೆ ಎಂದು ನಿಂತ. ಕಪ್ಪಗೆ, ಉದ್ದಕ್ಕೆ, ಮೈಯಲ್ಲಿ ಎಣ್ಣೆ ಹಚ್ಚಿದಂತೆ ಹೊಳಪು. ಬೆಳಿಗ್ಗೆ ನಾನು ಬೂದಿ ಬಳಿದುಕೊಂಡು ಭಟ್ಟಿಯ ತಳ ಗೋರುವ ಹೊತ್ತಿಗೆ ಅವನು ಬುಟ್ಟಿಯೊಂದನ್ನು ನೀರ ಮೇಲೆ ತೇಲಿಬಿಟ್ಟು, ಡುಬುಕ್ ಎಂದು ಮುಳುಗಿ, ಬೆಸ್ತರು ಸುತ್ತಿ ಬಳಸಿ ತರುವಷ್ಟನ್ನು ಒಬ್ಬನೇ ಎತ್ತಿ ತಂದು ಸುರಿಯುತ್ತಿದ್ದ. ಮೈಯಿಂದ ನೀರು ಸುರಿಯುತ್ತಿರುವಾಗಲೇ ಹಾಡುತ್ತಿದ್ದ, ಅದೂ ತಾಳ ತಪ್ಪಿ. ಹಾಗಿದ್ದರೂ ಹೆಂಗಸರು ಕೇಳುತ್ತಿದ್ದರು.

"ತಮ್ಮ ಎಷ್ಟ ಚಂದ ಈಸ್ತಾನ ನೋಡ್ರಿ," ಎಂದಳು ನನ್ನ ಹೆಂಡತಿ. ತಂಗಿಯ ಗಂಡನನ್ನು ಅವಳು ತಮ್ಮ ಎಂದೇ ಕರೆಯುತ್ತಿದ್ದಳು. "ಮೀನ ಆಗಿ ಹುಟ್ಟಬೇಕಿತ್ತು."

"ಹುಟ್ಟಿದ್ರ ಚೊಲೊ ಇತ್ತು," ಎಂದೆ. "ಸಾರ ಮಾಡಿಕೊಂಡು ಉಣತಿದ್ವಿ."

ಅವಳು ನಕ್ಕಳು. ನಾನು ತಮಾಷೆಗೆ ಹೇಳಿರಲಿಲ್ಲ.

ಅವನು ಕೆಟ್ಟವನಾಗಿದ್ದರೆ ನನಗೆ ಸುಲಭವಾಗುತ್ತಿತ್ತು. ಸೋಮಾರಿಯಲ್ಲ, ಕುಡಿಯುವವನಲ್ಲ, ನನ್ನನ್ನು "ಅಣ್ಣಾರ" ಎಂದು ಬಾಯಿತುಂಬ ಕರೆಯುತ್ತಿದ್ದ. ರಾತ್ರಿ ಊಟಕ್ಕೆ ಕುಳಿತಾಗ ನನ್ನ ಹೆಂಡತಿ ಅವನ ತಾಟಿಗೆ ಹಾಕುವ ಬೆಣ್ಣೆ ನನ್ನ ತಾಟಿನದಕ್ಕಿಂತ ದೊಡ್ಡದಿದೆಯೇ ಎಂದು ನೋಡುವುದು ನನಗೆ ರೂಢಿಯಾಯಿತು. ಒಂದೊಂದು ದಿನ ದೊಡ್ಡದೇ ಇರುತ್ತಿತ್ತು.

ಸುಣ್ಣದ ಮೂಟೆ ಹಾಕಿಕೊಂಡು ರಾಯಚೂರಿಗೆ ಹೋದರೆ ಅಲ್ಲಿಯೂ ಷಡ್ಡಕನದೇ ಮಾತು. ನಮ್ಮ ಸುಣ್ಣ ಕೊಳ್ಳುವ ಸಾಹೇಬರು, ನಾನು ಬಂಡಿ ಇಳಿಯುವ ಮೊದಲೇ ಕೇಳಿದರು: "ಕ್ಯಾ ಭಾಯಿ, ನಿಮ್ಮ ಸಾಢೂಭಾಯಿ ಮೊಸಳಿ ಮ್ಯಾಲೆ ಕೂತು ಹೊಳಿ ದಾಟತಾರಂತ ಹೌದೇನ್ರಿ? ಸಾರೆ ಬಜಾರ್‌ಮೇ ಇದೇ ಬಾತು."

"ಕೂಡತಾನ," ಎಂದೆ. "ಮೊಸಳಿ ಬ್ಯಾಸತ್ತು ಇಳಿಸಿಬಿಟ್ಟದ."

ಸಾಹೇಬರು ಹೊಟ್ಟೆ ಹಿಡಿದುಕೊಂಡು ನಕ್ಕರು. ಸುಣ್ಣ ಹೇಗಿದೆ ಎಂದು ಆ ಸಲ ಅವರು ಒಂದು ಮಾತೂ ಹೇಳಲಿಲ್ಲ.

ಮರುವರ್ಷ ಹೋಳಿ ಹುಣ್ಣಿಮೆ ಕಳೆದು ಹೊಸ ಭಟ್ಟಿ ಕಟ್ಟಿ ಮುಗಿದಾಗ ಮಾವನ ಮೊಳಕಾಲು ಬಾತುಕೊಂಡಿತು. ಆ ಮನೆಯಲ್ಲಿ ಒಂದು ಪದ್ಧತಿ ಇತ್ತು. ವರ್ಷದ ಮೊದಲ ಭಟ್ಟಿಗೆ ಕಿಚ್ಚು ಹಚ್ಚುವವನು ಅದೇ ದಿನ ತಾನೇ ಹೊಳೆಗಿಳಿದು, ತನ್ನ ಕೈಯಿಂದ ಒಂದು ಬುಟ್ಟಿ ಚಿಪ್ಪು ಆರಿಸಿ ತಂದು, ಒದ್ದೆ ಬಟ್ಟೆಯಲ್ಲೇ ಕಿಚ್ಚು ಇಡಬೇಕು. ಹಾಗೆ ಇಟ್ಟವನೇ ಆ ವರ್ಷವೆಲ್ಲ ಭಟ್ಟಿಯ ಯಜಮಾನ. ಯಾವ ದಿನ ಸುಡಬೇಕು, ಯಾರಿಗೆ ಮಾರಬೇಕು, ಎಲ್ಲ ಅವನ ಮಾತು. ಅದುವರೆಗೂ ಮಾವ ಹಚ್ಚುತ್ತಿದ್ದರು, ಮಿಕ್ಕಿದ್ದೆಲ್ಲ ನಾನು ಮಾಡುತ್ತಿದ್ದೆ. ಅವರ ನಂತರ ನಾನೇ ಎಂಬುದರಲ್ಲಿ ಷಡ್ಡಕ ಬರುವವರೆಗೆ ನನಗೆ ಅನುಮಾನ ಇರಲಿಲ್ಲ.

ಗುಡಿಸಲ ಮುಂದೆ ರೊಟ್ಟಿ ಮುರಿಯುತ್ತಾ ಮಾವ ಹೇಳಿದರು: "ಈ ಸಲ ನನ್ನ ಕಾಲು ಕೇಳಂಗಿಲ್ಲ. ಇಬ್ಬರು ಅಳಿಯಂದಿರು ಅದೀರಿ. ಯಾರು ಬುಟ್ಟಿ ತುಂಬಿಸ್ಕೊಂಡು ಬರ್ತೀರಿ, ಅವರ ಹಚ್ಚರಿ."

"ಇಬ್ರೂ ತಂದ್ರ ಯಪ್ಪಾ?" ಎಂದು ನನ್ನ ಹೆಂಡತಿ ಕೇಳಿದಳು.

"ಇಬ್ರೂ ತಂದ್ರ ಹಿರಿಯಾಂವ ಹಚ್ತಾನ. ಅದರಾಗ ಮಾತೇನದ?"

ಎಲ್ಲರೂ ನನ್ನ ಕಡೆ ನೋಡಿ, ಕೂಡಲೇ ತಮ್ಮ ತಾಟು ನೋಡಿಕೊಂಡರು. ಅಂದರೆ ನಾನು ಒಂದೇ ಒಂದು ಬುಟ್ಟಿ ತಂದರೆ ಸಾಕು, ಭಟ್ಟಿ ನನ್ನದು. ತರದಿದ್ದರೆ ನಾನು ಇಟ್ಟಿಗೆ ಇಟ್ಟಿಗೆ ಜೋಡಿಸಿ ಕಟ್ಟಿದ ಭಟ್ಟಿಗೆ ಅವನು ಕಿಚ್ಚಿಡುತ್ತಾನೆ, ನಾನು ಪಕ್ಕದಲ್ಲಿ ನಿಂತು ಕುಳ್ಳು ಕೊಡಬೇಕು.

"ಅಣ್ಣಾರಿಗೆ ನಾ ಕಲಸ್ತೀನಿ ಬಿಡ್ರಿ ಮಾವಾ," ಎಂದ ಷಡ್ಡಕ. "ಔಡಲ ದಂಟು ಬಾಯಾಗ ಇಟ್ಕೊಂಡ್ರ ಎಮ್ಮಿನೂ ನೀರಾಗ ಮಾರಿ ಹಾಕಿ ಉಸಿರಾಡತದ."

"ಎಮ್ಮಿಗಿ ಕಲಸಿದ್ದು ನೋಡೇನಿ," ಎಂದೆ. "ನಿನ್ನ ನೋಡಿದ್ರ ಗೊತ್ತಾಗತದ."

ಔಡಲ ಎಂದರೆ ಹರಳು ಗಿಡ, ಅದರ ಎಲೆಯ ದಂಟು ಒಳಗೆ ಪೊಳ್ಳು. ಅವನ ಊರಿನ ಕಡೆ ಚಿಪ್ಪು ಆರಿಸುವವರು ಉದ್ದನೆಯ ದಂಟೊಂದರ ಎರಡೂ ತುದಿ ಕೊಯ್ದು, ಒಂದು ತುದಿಯನ್ನು ಬಾಯಲ್ಲಿ ಕಚ್ಚಿಕೊಂಡು, ಇನ್ನೊಂದನ್ನು ಕಿವಿಯ ಪಕ್ಕದಿಂದ ನೀರಿನ ಮೇಲಕ್ಕೆ ಬಿಡುತ್ತಾರೆ. ಮೂಗಿನೊಳಗೆ ಮೇಣದಲ್ಲಿ ಅದ್ದಿದ ಹತ್ತಿ. ಹಾಗೆ ಬೋರಲಾಗಿ ತೇಲುತ್ತಾ, ಉಸಿರಿಗಾಗಿ ತಲೆ ಎತ್ತದೆ, ತಳವನ್ನು ನೋಡುತ್ತಿರಬಹುದು. ಅವನಿಗೆ ಅದು ಬೇಕಿರಲಿಲ್ಲ. ಒಂದೇ ಉಸಿರಿಗೆ ತಳ ಮುಟ್ಟಿ ಬರುತ್ತಿದ್ದ. ಅದು ಹೆಂಗಸರಿಗೆ, ಮುದುಕರಿಗೆ ಎಂದು ಅವನೇ ಹೇಳಿದ. ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡ.

ನಾನು ಗುಡಿಸಲ ಹಿಂದೆ ನೀರು ತುಂಬಿದ ಬಾನಿಯಲ್ಲಿ ಮುಖ ಮುಳುಗಿಸಿ, ದಂಟಿನಲ್ಲಿ ಉಸಿರಾಡುವುದನ್ನು ರೂಢಿ ಮಾಡಿಕೊಂಡೆ. ಬಾನಿಯಲ್ಲಿ ಸುಲಭವೇ ಇತ್ತು. ಬಾನಿಯಲ್ಲಿ ಯಾವ ಪ್ರಾಣಿಯೂ ಇರಲಿಲ್ಲ.

ಹೊಳೆಯಲ್ಲಿ ಇದ್ದವು. ಅದಕ್ಕೆ ನಾನೇ ಒಂದು ಉಪಾಯ ಮಾಡಿದೆ, ಸುಣ್ಣದವನ ಉಪಾಯ. ಮಾನ್ವಿ ಕಡೆಯ ಹಳ್ಳಗಳಲ್ಲಿ ಕೆಲವರು ನೀರು ಹಾಕದ ಸುಣ್ಣವನ್ನು ಮಡುವಿಗೆ ಎಸೆಯುವುದನ್ನು ಕಂಡಿದ್ದೆ. ಅದು ಕುದಿದೊಡನೆ ಮೀನು, ಏಡಿ, ಹಾವು ಎಲ್ಲ ದಿಕ್ಕಾಪಾಲಾಗುತ್ತಿದ್ದವು. ಸುಣ್ಣಕ್ಕೆ ಹೆದರದ ಜೀವ ನೀರಿನಲ್ಲಿ ಇಲ್ಲ, ಸುಣ್ಣವೋ ನನ್ನ ಕೈಯೊಳಗಿನದು. ಚಿಪ್ಪಿನ ಗುಣ ನೋಡುತ್ತೇನೆಂದು ಹೇಳಿ ಒಲೆಯಲ್ಲಿ ಒಂದಿಷ್ಟು ಚಿಪ್ಪು ಸುಟ್ಟುಕೊಂಡೆ. ನೀರು ತಾಗಿಸದೆ ಅದನ್ನು ಎಣ್ಣೆ ಸವರಿದ ಬಟ್ಟೆಯಲ್ಲಿ ಕಟ್ಟಿ, ಮೇಲೆ ಮೇಣ ಬಳಿದು ಚೀಲ ಮಾಡಿ, ಮರುದಿನ ಧೋತರದ ಒಳಗೆ ಹೊಟ್ಟೆಗೆ ಬಿಗಿದುಕೊಂಡೆ. ಏನಾದರೂ ಹತ್ತಿರ ಬಂದರೆ ಚೀಲ ಹರಿದು ನೀರಿಗೆ ಬಿಡುವುದು ಎಂದು ಲೆಕ್ಕ ಹಾಕಿದ್ದೆ. ಯಾರಿಗೂ ಹೇಳಲಿಲ್ಲ.

ಬಿಸಿಲು ಏರುವ ಹೊತ್ತಿಗೆ ಎಲ್ಲರೂ ದಂಡೆಗೆ ಬಂದರು. ಬೇಸಿಗೆಯ ಕೃಷ್ಣೆ ಬಂಡೆಗಳ ನಡುವೆ ತುಂಡು ತುಂಡಾಗಿ ನಿಂತಿತ್ತು, ನೀರು ತಿಳಿಯಾಗಿತ್ತು. ಬಹಳ ದೂರದ ಮರಳದಿಬ್ಬದ ಮೇಲೆ ಮೊಸಳೆಯೊಂದು ಬಿದ್ದುಕೊಂಡಿತ್ತು.

"ಅಣ್ಣಾರ, ಅಲ್ಲಿ ನೋಡ್ರಿ," ಎಂದು ಷಡ್ಡಕ ಬೆರಳು ಮಾಡಿದ. "ಥೇಟ್ ನಮ್ಮ ಮಾವನಂಗ. ಉಂಡು, ಬಾಯಿ ತೆರಕೊಂಡು ಮಲಗೇದ."

"ಯಾರಲೇ ಬಾಯಿ ತೆರಕೊಂಡು ಮಲಗಾಂವ?" ಹಿಂದಿನಿಂದ ಮಾವನ ದನಿ.

"ಮೊಸಳಿ ಮಾವಾ, ಮೊಸಳಿ!"

"ಮೊಸಳಿಗಿ ಅಳಿಯಂದಿರ ಕಾಟ ಇರಂಗಿಲ್ಲ. ಅದಕ್ಕ ಆರಾಮ ಮಲಗೇದ."

ಅದು ಈ ಕಡೆಗೆ ಬರುವುದಿಲ್ಲ, ನಾವು ಇಳಿಯುವ ಮಡುವಿಗೂ ಅದಕ್ಕೂ ನಡುವೆ ಬಂಡೆಯ ಸಾಲಿದೆ ಎಂದು ಷಡ್ಡಕ ನನಗೆ ಮೆಲ್ಲಗೆ ಹೇಳಿದ. ಅವನು ನನ್ನ ಭಯವನ್ನು ಓದಿದನಲ್ಲ ಎಂದು ಮೈ ಉರಿಯಿತು. ಅವನು ಡುಬುಕ್ ಎಂದು ಹಾರಿದ. ನಾನು ಮೊಳಕಾಲು, ತೊಡೆ, ಸೊಂಟ ಎಂದು ಒಂದೊಂದಾಗಿ ನೀರಿಗೆ ಒಪ್ಪಿಸುತ್ತಾ ಇಳಿದೆ. ಕಾಲಿಗೆ ಸಣ್ಣ ಮೀನುಗಳು ಕಚಗುಳಿ ಇಟ್ಟವು. ಹಿಂದಕ್ಕೆ ನೋಡಿದೆ, ಹೆಂಡತಿ ದಂಡೆಯಲ್ಲಿ ನಿಂತಿದ್ದಳು. ದಂಟು ಕಚ್ಚಿ, ಕಣ್ಣು ಮುಚ್ಚಿ, ಬೋರಲಾದೆ.

ಉಸಿರು ಬಂತು. ದಂಟಿನೊಳಗೆ ಗಾಳಿ ಸುಯ್ ಎನ್ನುತ್ತಿತ್ತು. ಕಣ್ಣು ತೆರೆಯಬೇಕು ಎಂದುಕೊಂಡೆ. ಅಷ್ಟರಲ್ಲಿ ಹೊಟ್ಟೆಯನ್ನು ಯಾವುದೋ ಕಚ್ಚಿತು. ಸಣ್ಣ ಕಡಿತವಲ್ಲ, ಬೆಂಕಿಯಂಥ ಬಾಯಿ, ಕಚ್ಚಿ ಬಿಡದೆ ಒಳಕ್ಕೆ ಇಳಿಯುತ್ತಿತ್ತು. ಚೀಲ ಹರಿಯಬೇಕೆಂದು ಕೈ ಹಾಕಿದೆ, ಕೈಯನ್ನೂ ಕಚ್ಚಿತು. ದಂಟು ಉಗುಳಿ, ನೀರು ಕುಡಿದು, ಎದ್ದು ನಿಂತು "ಮೊಸಳೀ! ಮೊಸಳೀ!" ಎಂದು ಕೂಗಿದ್ದು ಮಲ್ಲಟಕ್ಕೂ ಕೇಳಿಸಿರಬೇಕು.

ಷಡ್ಡಕ ಎಲ್ಲಿಂದಲೋ ಚಿಮ್ಮಿ ಬಂದ. ನನ್ನ ಹೊಟ್ಟೆಯ ಸುತ್ತ ನೀರು ಹಾಲಿನಂತಾಗಿ ಗುಳುಗುಳು ಕುದಿಯುತ್ತಿತ್ತು, ಆವಿ ಏಳುತ್ತಿತ್ತು. ಅವನು ಒಂದು ಕ್ಷಣ ಬಾಯಿಬಿಟ್ಟು ನೋಡಿ, ಧೋತರ ಸಮೇತ ಚೀಲವನ್ನು ಕಿತ್ತು ದೂರ ಎಸೆದು, ಎರಡೂ ಕೈಯಿಂದ ನನ್ನ ಹೊಟ್ಟೆಗೆ ನೀರು ಎರಚತೊಡಗಿದ. ಮೇಣ ಎಲ್ಲಿಯೋ ಬಿರುಕು ಬಿಟ್ಟಿತ್ತು. ಸುಣ್ಣ ತನ್ನ ಗುಣ ತೋರಿಸಿತ್ತು.

"ಅಣ್ಣಾರ," ಎಂದ, ಏದುಸಿರು ಬಿಡುತ್ತಾ, "ಹೊಳಿಯಾಗ ಭಟ್ಟಿ ಹಚ್ಚಿಬಿಟ್ಟೀರಲ್ರಿ!"

ದಂಡೆಯಲ್ಲಿ ಮಾವ ಕೋಲಿನ ಮೇಲೆ ಬಿದ್ದು ನಗುತ್ತಿದ್ದರು. ನನ್ನ ಹೆಂಡತಿ ಮೊದಲು ಎದೆ ಬಡಿದುಕೊಂಡು ಓಡಿಬಂದವಳು, ನಾನು ಬದುಕಿದ್ದೇನೆಂದು ಗೊತ್ತಾದ ಮೇಲೆ ಸೆರಗನ್ನು ಬಾಯಿಗೆ ತುರುಕಿಕೊಂಡಳು; ಭುಜಗಳು ಕುಣಿಯುತ್ತಿದ್ದವು. ನಾನು ಸೊಂಟದ ಮಟ್ಟದ ನೀರಿನಲ್ಲಿ ಬತ್ತಲೆ ನಿಂತಿದ್ದೆ, ಮೇಲೆ ಬರುವ ಹಾಗೂ ಇಲ್ಲ, ಒಳಗೆ ಹೋಗುವ ಹಾಗೂ ಇಲ್ಲ.

"ಸುಣ್ಣ ಹೆಂಗ ಕುದೀತು ನೋಡಿದ್ರಿ?" ಎಂದೆ ಗಟ್ಟಿಯಾಗಿ. ಹೇಳುವುದಕ್ಕೆ ನನ್ನ ಹತ್ತಿರ ಅದೊಂದೇ ಉಳಿದಿತ್ತು. ಅದು ಸುಳ್ಳೂ ಅಲ್ಲ. ಕೆಟ್ಟದಾಗಿ ಸುಟ್ಟ ಸುಣ್ಣ ಅಷ್ಟು ಬೇಗ ಕುದಿಯುವುದಿಲ್ಲ.

ಮಾವ ಕಣ್ಣೊರೆಸಿಕೊಂಡರು. "ನೋಡಿದೆ ಅಳಿಯಾ, ನೋಡಿದೆ. ಸಾಕು, ಮ್ಯಾಲೆ ಬಾ. ಹೊಟ್ಟಿಗಿ ಕುಸುಬಿ ಎಣ್ಣಿ ಹಚ್ಕೊ. ಈ ಸಲ ಅಂವ ಕಿಚ್ಚು ಹಚ್ಚಲಿ."

ಹೊಟ್ಟೆಯ ಉರಿ ಆ ಕ್ಷಣಕ್ಕೆ ಮರೆತುಹೋಯಿತು. ಇಷ್ಟು ವರ್ಷ ಆ ಮನೆಯಲ್ಲಿ ತಿಂದ ಹೊಗೆ, ಕೆಮ್ಮಿದ ಕೆಮ್ಮು, ಸುಟ್ಟ ರೆಪ್ಪೆ ಎಲ್ಲ ಒಂದೇ ಮಾತಿನಲ್ಲಿ ಆಚೆ ದಂಡೆಯವನ ಕೈಗೆ ಹೋಗುತ್ತಿತ್ತು. ಆಗ ಷಡ್ಡಕ ಹೇಳಿದ: "ಇನ್ನೊಮ್ಮಿ ಇಳೀಲಿ ಬಿಡ್ರಿ ಮಾವಾ. ಅಣ್ಣಾರು ಉಸಿರಾಡೂದು ಕಲ್ತಾರ. ಕಚ್ಚಿದ್ದು ಹೊಳಿ ಅಲ್ಲ, ಸುಣ್ಣ."

ತನ್ನ ಧೋತರ ಬಿಚ್ಚಿ ನನಗೆ ಕೊಟ್ಟ. ಅವನು ಲಂಗೋಟಿಯಲ್ಲಿ ನಿಂತ. ತೇಲಿಹೋಗುತ್ತಿದ್ದ ದಂಟನ್ನು ಹಿಡಿದು ತಂದು ಕೈಗಿಟ್ಟ. ಅವನು ನಕ್ಕಿದ್ದರೆ ತಡೆದುಕೊಳ್ಳುತ್ತಿದ್ದೆ. ಅವನ ಅಂತಃಕರಣವನ್ನು ತಡೆದುಕೊಳ್ಳಲು ಆಗಲಿಲ್ಲ. ಅವನು ಕೊಟ್ಟ ಅವಕಾಶದಿಂದ ಭಟ್ಟಿ ನನ್ನದಾಗಬೇಕೆ ಎಂದು ಸಿಟ್ಟು ಬಂತು, ಅವಕಾಶ ಬಿಟ್ಟರೆ ಭಟ್ಟಿಯೇ ಹೋಗುತ್ತದೆ ಎಂದೂ ತಿಳಿಯಿತು. ದಂಟನ್ನು ಕಚ್ಚಿಕೊಂಡು, ನನ್ನ ಬುಟ್ಟಿಯನ್ನು ಎಳೆದುಕೊಂಡು, ಸುಣ್ಣ ಕದಡಿದ ಕಡೆಯನ್ನು ಬಿಟ್ಟು, ಮಡುವಿನ ಮೇಲಿನ ಮಗ್ಗುಲಿಗೆ, ಬಂಡೆಯ ಹಿಂದಕ್ಕೆ, ಅವನ ಕಣ್ಣಿಗೆ ಬೀಳದಂತೆ ಸರಿದೆ. ಅಲ್ಲಿ ಬೋರಲಾದೆ.

ಹೆದರಿದವನು ಓಡುತ್ತಾನೆ, ಇಲ್ಲವೇ ಕಲ್ಲಾಗುತ್ತಾನೆ. ಓಡಿ ಆಗಿತ್ತು. ಈ ಸಲ ಬಂಡೆಯ ಕೊರಕಲಿಗೆ ಬೆರಳು ಸಿಕ್ಕಿಸಿ, ಕೈಕಾಲು ಮಿಸುಕದೆ ಸುಮ್ಮನೆ ಬಿದ್ದುಕೊಂಡೆ. ದಂಟಿನ ಗಾಳಿ ಬಂತು, ಹೋಯಿತು. ಕಣ್ಣು ತೆರೆದೆ.

ನೀರಿನಲ್ಲಿ ಯಾವುದಕ್ಕೂ ಅಂಚು ಇರಲಿಲ್ಲ. ಮೊದಲು ಬೆಳಕಷ್ಟೇ ಕಂಡಿತು, ಮರಳ ಮೇಲೆ ಹಳದಿ ಬಲೆಯ ಹಾಗೆ ಅಲ್ಲಾಡುವ ಬೆಳಕು. ಆಮೇಲೆ ಕಣ್ಣು ಒಗ್ಗಿತು. ಬೆಳ್ಳಿ ಚೂರಿನಂಥ ಮೀನುಗಳು ಒಟ್ಟಿಗೆ ತಿರುಗುತ್ತಿದ್ದವು. ಒಂದು ತಿರುಗಿದರೆ ಎಲ್ಲವೂ ತಿರುಗಿ, ಒಮ್ಮೆ ಮಿಂಚಿ, ಒಮ್ಮೆ ಇಲ್ಲವಾಗುತ್ತಿದ್ದವು. ಎರಡು ಮೂರು ಹತ್ತಿರ ಬಂದು ಹೊಟ್ಟೆಯ ಸುಟ್ಟ ಜಾಗವನ್ನು ಮುಟ್ಟಿ ನೋಡಿದವು. ಆದರೂ ಬಂಡೆಯಿಂದ ಬೆರಳು ಬಿಡಲಿಲ್ಲ. ತಳದಲ್ಲಿ ಯಾರೋ ಕಡ್ಡಿಯಿಂದ ಗೀಚಿದಂತೆ ಗೆರೆಗಳು. ಪ್ರತಿ ಗೆರೆಯ ತುದಿಯಲ್ಲಿ ಮರಳಿಗೆ ಅರ್ಧ ಹೂತ ಚಿಪ್ಪು. ಇಷ್ಟು ವರ್ಷ ನಾನು ಸುಟ್ಟ ಚಿಪ್ಪುಗಳು ನಡೆಯುತ್ತವೆ ಎಂಬುದು ನನಗೆ ತಿಳಿದಿರಲಿಲ್ಲ.

ಬಂಡೆಯ ನೆರಳಿನಿಂದ ಅದು ಬಂದದ್ದು ಆಗಲೇ. ಮೊದಲು ಬಂಡೆಯೇ ಸರಿಯಿತು ಎಂದುಕೊಂಡೆ. ರೊಟ್ಟಿಯ ಹಂಚಿಗಿಂತ ಅಗಲವಾದ ಆಮೆ, ಮೆತ್ತನೆಯ ಅಂಚು, ಚೂಪು ಮೂತಿ. ಕೈಯ ಬೆರಳನ್ನು ಒಂದೇ ಕಚ್ಚಿಗೆ ಕಡಿಯುವ ಜಾತಿ ಎಂದು ಕೇಳಿದ್ದೆ. ದಂಟನ್ನು ಎಷ್ಟು ಗಟ್ಟಿಯಾಗಿ ಕಚ್ಚಿದ್ದೆನೆಂದರೆ ಗಾಳಿ ನಿಂತುಹೋಯಿತು. ಅದು ನನ್ನ ಮುಖದ ಕೆಳಗೆ, ಕೈ ಚಾಚಿದರೆ ಸಿಗುವಷ್ಟು ಹತ್ತಿರ ನಿಂತು, ಕತ್ತು ಎತ್ತಿ ನೋಡಿತು. ನನ್ನನ್ನು ನೋಡಿ ಏನೂ ಅನ್ನಿಸಲಿಲ್ಲ ಅದಕ್ಕೆ. ಮರಳನ್ನು ಒಂದು ಸಲ ಕೆದರಿ, ಸಂತೆಗೆ ಹೊರಟ ಮುದುಕಿಯ ಹಾಗೆ ತನ್ನಷ್ಟಕ್ಕೆ ಮುಂದೆ ನಡೆಯಿತು.

ಹಲ್ಲು ಸಡಿಲಿಸಿದೆ. ಗಾಳಿ ಬಂತು. ಅದರ ಜೊತೆಗೆ, ಎಂದಿನ ಭಯ ಇದ್ದ ಜಾಗದಲ್ಲಿ, ಇನ್ನೊಂದು ಬಂತು. ಇದನ್ನೆಲ್ಲ ಷಡ್ಡಕ ಚಿಕ್ಕವನಿದ್ದಾಗಿನಿಂದ ನೋಡುತ್ತಿದ್ದಾನಲ್ಲ! ದಿನಾ ಬೆಳಿಗ್ಗೆ ನಾನು ಬೂದಿ ಗೋರುವಾಗ ಅವನು ಈ ಬೆಳಕಿನಲ್ಲಿ ಇರುತ್ತಿದ್ದ. ಬೆಣ್ಣೆ, ಹೆಂಗಸರ ನಗು, ರಾಯಚೂರಿನ ಮಾತು, ಅವೆಲ್ಲ ಹಾಳಾಗಲಿ. ಇದನ್ನು ನನಗೆ ಯಾರೂ ಹೇಳಿರಲಿಲ್ಲ. ಅವನ ಮೇಲೆ ಅಷ್ಟು ಹೊಟ್ಟೆಕಿಚ್ಚು ನನಗೆ ಅದುವರೆಗೆ ಆಗಿರಲಿಲ್ಲ, ಅದರ ನಂತರವೂ ಆಗಲಿಲ್ಲ. ಆ ಸಿಟ್ಟಿನಲ್ಲೇ ಬಂಡೆಯಿಂದ ಬೆರಳು ಬಿಡಿಸಿದೆ. ಒಂದು ಗೆರೆ ಹಿಡಿದು ಹೋಗಿ ಚಿಪ್ಪು ಕಿತ್ತೆ. ಇನ್ನೊಂದು ಗೆರೆ ಹಿಡಿದೆ. ಎದೆಮಟ್ಟದ ನೀರು, ಕೈ ನಿಲುಕದ ಕಡೆ ಕಾಲಬೆರಳಿನಿಂದ ಎತ್ತಿದೆ. ಬುಟ್ಟಿ ಯಾವಾಗ ತುಂಬಿತೋ ನೋಡಲಿಲ್ಲ. ತುಂಬಿದ ಮೇಲೂ ಮುಖ ಎತ್ತಲಿಲ್ಲ.

ದಂಡೆಯಿಂದ ಹೆಂಡತಿ ಕೂಗುತ್ತಿದ್ದಳು: "ಏನ್ರೀ! ಇದೀರೋ ಇಲ್ಲೋ? ಬರ್ರಿ ಮ್ಯಾಲೆ! ರೊಟ್ಟಿ ಆರಾಕತ್ತಾವ!"

ತುಂಬಿದ ಬುಟ್ಟಿ ಹೊತ್ತುಕೊಂಡು ಮೇಲೆ ಬಂದಾಗ ಮಾವ ಒಂದು ಚಿಪ್ಪನ್ನು ಎತ್ತಿ, ಉಗುರಿನಿಂದ ತಟ್ಟಿ ನೋಡಿ, ಮತ್ತೆ ಬುಟ್ಟಿಗೆ ಹಾಕಿದರು. ಷಡ್ಡಕನ ಬುಟ್ಟಿಯೂ ತುಂಬಿತ್ತು, ನನ್ನದಕ್ಕಿಂತ ಮೊದಲೇ; ಆದರೆ ಇಬ್ಬರೂ ತಂದರೆ ಹಿರಿಯವನದೇ ಸರದಿ. ಹೆಂಗಸರು ಚಿಪ್ಪು ತೊಳೆದರು, ನಾನು ಕೊನೆಯ ಪದರ ಪೇರಿಸಿದೆ. ಹೊತ್ತು ಇಳಿಯುವ ಮೊದಲು, ಮೈಗಂಟಿದ ಷಡ್ಡಕನ ಒದ್ದೆ ಧೋತರದಲ್ಲಿ, ನಾನು ಭಟ್ಟಿಯ ಬಾಯಿಗೆ ಕಿಚ್ಚು ಇಟ್ಟೆ. ಹತ್ತಿಕಟ್ಟಿಗೆ ಚಟಚಟ ಎಂದು ಹಿಡಿದುಕೊಂಡಿತು.

"ನಮ್ಮ ಅಣ್ಣಾರ ಕಿಚ್ಚು ಹೊಳಿಯಾಗನ ಆರಲಿಲ್ಲ, ಇಲ್ಲಿ ಆರತದೇನ?" ಎಂದು ಷಡ್ಡಕ ಎಲ್ಲರಿಗೂ ಕೇಳುವಂತೆ ಹೇಳಿ, ಬೇವಿನ ಮರದ ಕೆಳಗೆ ಕೈ ತಲೆಗಿಟ್ಟು ಮಲಗಿದ. ಅವನ ಮುಖದಲ್ಲಿ ಸೋತವನ ಗುರುತೇ ಇರಲಿಲ್ಲ. ನಾನು ಅಷ್ಟೆಲ್ಲ ಬೆಂದು ಗೆದ್ದದ್ದು ಅವನಿಗೆ ಬೇಕೇ ಇರಲಿಲ್ಲವೋ ಏನೋ. ಯಜಮಾನನಾದೆ, ಬಾಯಿ ಸಪ್ಪಗೇ ಇತ್ತು.

ಭಟ್ಟಿ ಒಂದು ಹದಕ್ಕೆ ಬಂದ ಮೇಲೆ ಅವನ ಪಕ್ಕ ಕುಳಿತು, ಸುಮ್ಮನೆ ಎಂಬಂತೆ ಕೇಳಿದೆ: "ಆ ಬಂಡಿ ಹಿಂದಿನ ಆಮಿ ಎಷ್ಟ ವರ್ಷದಿಂದ ಅದಲೇ ಅಲ್ಲಿ?"

ಅವನು ಕಣ್ಣು ತೆರೆದ. "ಯಾ ಆಮಿ?"

"ದೊಡ್ಡದು. ಹಂಚಿನಷ್ಟದ."

"ಆ ಮಡುವಿನ್ಯಾಗ? ಇಲ್ಲ ತಗೀರಿ ಅಣ್ಣಾರ. ದೂರ ದಂಡಿ ಮ್ಯಾಲೆ ಕಂಡೀನಿ, ಕಂಡಿದ್ದ ತಡ ಡುಬುಕ್ ಅಂತಾವ. ನೀರಾಗ ಮಗ್ಗಲಕ ಎಂದೂ ಬಂದಿಲ್ಲ."

ಬರುವುದಾದರೂ ಹೇಗೆ ಎಂದು ನನಗೆ ಆಗ ಹೊಳೆಯಿತು. ಅವನು ಇಳಿಯುವುದೇ ಡುಬುಕ್ ಎಂದು, ಹೋಗುವುದು ಬಾಣದ ಹಾಗೆ. ತಳದ ಜೀವವೆಲ್ಲ ಅವನು ಮುಟ್ಟುವ ಮೊದಲೇ ಜಾಗ ಖಾಲಿ ಮಾಡುತ್ತಿತ್ತು. ಅವನು ಹೊಳೆಯ ತಳದಿಂದ ಚಿಪ್ಪು ತಂದಿದ್ದ, ಅಷ್ಟೇ. ನಾನು ಜೀವಭಯದಿಂದ ಕಲ್ಲಾಗಿ ಬಿದ್ದಿದ್ದಕ್ಕೆ ಆ ಆಮೆ ನನ್ನನ್ನೂ ಒಂದು ಕಲ್ಲು ಎಂದುಕೊಂಡು ಬಂದಿತ್ತು.

ಷಡ್ಡಕ ಎದ್ದು ಕುಳಿತಿದ್ದ. "ಎಷ್ಟ ಹತ್ರ ಬಂತ್ರಿ?"

"ಮಾರಿ ಮುಂದ."

"ಕಚ್ಚಲಿಲ್ಲ?"

"ಮಾತಾಡ್ಸಿ ಹೋತು."

"ಸುಳ್ಳ ಬ್ಯಾಡ್ರಿ ಅಣ್ಣಾರ. ಯಾ ಬಂಡಿ? ಮ್ಯಾಲಿನದೋ, ಸೀಳಿದ್ದೋ?"

ಮಡುವಿನ ತುಂಬ ಬಂಡೆಗಳೇ ಇದ್ದವು. ಅವನ ಕಣ್ಣಿನಲ್ಲಿ ಏನೋ ಇತ್ತು. ಅದನ್ನು ಗುರುತಿಸಲು ನನಗೆ ಕಷ್ಟವಾಗಲಿಲ್ಲ. ಒಂದು ವರ್ಷದಿಂದ ಅದು ನನ್ನ ಹೊಟ್ಟೆಯೊಳಗೇ ಇತ್ತು.

"ಕಿಚ್ಚು ನೋಡಬೇಕು," ಎಂದು ಎದ್ದೆ.

ಮರುದಿನ ಅವನು ಹಾಡದೆ ಹೊಳೆಗಿಳಿದ. ಒಂದೊಂದು ಬಂಡೆಯ ಹಿಂದೆಯೂ ಮುಳುಗಿ, ಎದ್ದು, ಸುತ್ತಲೂ ನೋಡಿ, ಮತ್ತೆ ಮುಳುಗುತ್ತಿದ್ದ. ಬುಟ್ಟಿ ಅರ್ಧವೂ ತುಂಬಲಿಲ್ಲ. ಊಟಕ್ಕೆ ಕುಳಿತಾಗ ರೊಟ್ಟಿ ಮುಟ್ಟದೆ ನನ್ನನ್ನೇ ನೋಡಿದ. "ಅಣ್ಣಾರ, ನಿಮ್ಮ ಕಾಲಿಗೆ ಬೀಳ್ತೀನಿ. ಯಾ ಬಂಡಿ ಹೇಳ್ರಿ."

"ಹೇಳ್ರಿ ಪಾಪ," ಎಂದಳು ನನ್ನ ಹೆಂಡತಿ. "ಊಟ ಬಿಟ್ಟಾನ ಅಂವ."

ನಾನು ಅವಳ ಮುಂದೆ ತಾಟು ಚಾಚಿ, ಇನ್ನೊಂದು ರೊಟ್ಟಿ ಹಾಕು ಎಂದೆ, ಬೆಣ್ಣೆ ಹಚ್ಚಿ.